ಸಹಾಯ ಬೇಕು: ಹಾಸನವೋ, ಚಿಕ್ಕಮಗಳೂರೋ?

ಎಲ್ಲರಿಗೂ ನಮಸ್ಕಾರ. ನಾವು ಬೇಲೂರಿನವರು. ತಂಗಿಯ ಮಗಳು ನೀಟ್ ಬರೆದಿದ್ದಾಳೆ, ಈಗ ಸೀಟು ಹಂಚುವ ಕೆಇಎಯಲ್ಲಿ (ಕರ್ನಾಟಕ ಪರೀಕ್ಷಾ ಪ್ರಾಧಿಕಾರ) ಕಾಲೇಜುಗಳನ್ನು ಆದ್ಯತೆಯ ಕ್ರಮದಲ್ಲಿ ನಮೂದಿಸಬೇಕು. 1924ರಲ್ಲಿ ಆರಂಭವಾದ ಮೈಸೂರು ಮೆಡಿಕಲ್ ಕಾಲೇಜಿಗೆ ಅವಳ ರ‍್ಯಾಂಕ್ ಸಾಲದು. ಹಳೆಯ ಹೆಸರು, ದೊಡ್ಡ ಆಸ್ಪತ್ರೆ, ಅಲ್ಲಿಗೆ ಪೈಪೋಟಿ ಸಹಜವೇ.

ಉಳಿದದ್ದು 2006ರಲ್ಲಿ ಶುರುವಾದ ಹಾಸನದ ಮೆಡಿಕಲ್ ಕಾಲೇಜು ಹಿಮ್ಸ್ ಮತ್ತು ಚಿಕ್ಕಮಗಳೂರಿನ ಹೊಸ ಮೆಡಿಕಲ್ ಕಾಲೇಜು. ಎರಡೂ ಸರ್ಕಾರಿ. ಕಟ್ಟಡದ ಅಂದ ನನಗೆ ಮುಖ್ಯವಲ್ಲ. ಹೆರಿಗೆ, ಅಪಘಾತ, ಹಾವು ಕಡಿತ ಎಲ್ಲವೂ ಬರುವ, ಹೊರರೋಗಿಗಳಿಂದ ತುಂಬಿದ ಆಸ್ಪತ್ರೆಯಲ್ಲಿಯೇ ಕೈ ಪಳಗುವುದು ಎಂದು ಬಲವಾಗಿ ನಂಬಿದ್ದೇನೆ. ಆದರೆ ಹುಡುಗಿಗೆ ಚಿಕ್ಕಮಗಳೂರಿನ ಮೇಲೆಯೇ ಮನಸ್ಸು.

ಈ ಎರಡು ಕಾಲೇಜುಗಳಲ್ಲಿ ಓದುತ್ತಿರುವವರು ದಯವಿಟ್ಟು ತಿಳಿಸಿ: ವಾರ್ಡ್‌ನಲ್ಲಿ ಪ್ರಾಧ್ಯಾಪಕರು ಜೊತೆಗೆ ನಿಂತು ಕಲಿಸುತ್ತಾರೆಯೇ? ಹೆಣ್ಣುಮಕ್ಕಳ ಹಾಸ್ಟೆಲ್ ಹೇಗಿದೆ?