ಎಲ್‌ಇಡಿ ಪಾರ್‌ಗೆ ಡಿಮ್ಮರ್ ಕರ್ವ್ ಯಾವ್ದು ಇಡೋದು? (ನಾಟಕಕ್ಕೆ)

ಸೈಡ್‌ವಿಂಗ್: ಈ ಸಲ ಹಳೇ ಹ್ಯಾಲೊಜೆನ್ ಲೈಟ್ ಜೊತೆ ಎಲ್‌ಇಡಿ ಪಾರ್ (ಸ್ಟೇಜ್ ಲೈಟು) ಬಾಡಿಗೆಗೆ ತಂದಿದೀವಿ. ಕೊನೇ ಸೀನಲ್ಲಿ ಅಜ್ಜಿ ಒಬ್ಳೇ ಕೂತಿರ್ತಾಳೆ, ನಿಧಾನಕ್ಕೆ ಕತ್ತಲಾಗ್ಬೇಕು. ಹ್ಯಾಲೊಜೆನ್ ಕೆಂಪಾಗ್ತಾ ಚೆನ್ನಾಗಿ ಕರಗತ್ತೆ, ಎಲ್‌ಇಡಿ ಮಾತ್ರ ಅರ್ಧ ಫೇಡರ್ (ಬೆಳಕು ಏರಿಸಿ ಇಳಿಸೋ ಕಡ್ಡಿ) ಇಳಿಸಿದ್ರೂ ಕಮ್ಮಿ ಆದಂಗೇ ಕಾಣಲ್ಲ, ಆಮೇಲೆ ಮೆಟ್ಲುಮೆಟ್ಲಾಗಿ ಇಳಿದು ಟಕ್ ಅಂತ ಆರೋಗತ್ತೆ. ಲೈಟಿನ ಮೆನುನಲ್ಲಿ ಡಿಮ್ಮರ್ ಕರ್ವ್ (ಫೇಡರ್ ಎಷ್ಟಿದ್ರೆ ಎಷ್ಟು ಬೆಳಕು ಅನ್ನೋ ಲೆಕ್ಕ) ಅಂತ ಲೀನಿಯರ್, ಸ್ಕ್ವೇರ್ ಲಾ, ಇನ್ವರ್ಸ್ ಸ್ಕ್ವೇರ್, ಎಸ್ ಕರ್ವ್ ಇದೆ, ಡಿಮ್ ಸ್ಪೀಡ್ ಬೇರೆ. ವಿಡಿಯೋನೂ ಮಾಡಿಸ್ತಿದಾರೆ. ಏನ್ ಇಡ್ಲಿ?

ಬೋರ್ಡ್‌ಆಪರೇಟರ್: ಸ್ಕ್ವೇರ್ ಲಾ, ಯೋಚ್ನೆನೇ ಬೇಡ. ಬೆಳಕು ಕಾಲು ಭಾಗಕ್ಕೆ ಇಳಿದ್ರೂ ನಮ್ಮ ಕಣ್ಣಿಗೆ ಅರ್ಧ ಅಷ್ಟೇ ಇಳಿದಂಗೆ ಕಾಣೋದು, ಸ್ಕ್ವೇರ್ ಲಾ ಫೇಡರ್ 50%ಗೆ ಸುಮಾರು 25% ಬೆಳಕು ಕೊಡೋದ್ರಿಂದ ಸರಿಹೋಗತ್ತೆ. ಡಿಎಮ್‌ಎಕ್ಸ್‌ನಲ್ಲಿ (ಲೈಟಿಂಗ್ ಬೋರ್ಡಿಂದ ಲೈಟಿಗೆ ಹೋಗೋ ಸಿಗ್ನಲ್) 0ಯಿಂದ 255 ತನಕ ಅಷ್ಟೇ ಮೆಟ್ಲು, ಲೀನಿಯರ್‌ನಲ್ಲಿ 10ಕ್ಕೇ 4% ಬೆಳಕು ಬಂದ್ಬಿಡತ್ತೆ, ಕತ್ಲೆ ಹಾಲ್‌ನಲ್ಲಿ ಅದು ಜಾಸ್ತಿನೇ. ಇನ್ವರ್ಸ್ ಮುಟ್ಟಲೇಬೇಡಿ, ಅದು ಉಲ್ಟಾ. ಡಿಮ್ ಸ್ಪೀಡ್ ಸ್ಲೋ ಇಡಿ, ಫಿಲಮೆಂಟ್ ಥರ ಸ್ವಲ್ಪ ತಡವಾಗಿ ಇಳಿಯತ್ತೆ. ಇನ್ನೊಂದು, ಬೋರ್ಡಲ್ಲೂ ಕರ್ವ್ ಹಾಕಿದೀರಾ ನೋಡಿ, ಎರಡೂ ಕಡೆ ಸ್ಕ್ವೇರ್ ಆದ್ರೆ 50%ಗೆ ಬರೋದು ಬರೀ 6%.

ಜೆಲ್‌ಪೇಪರ್: ಸ್ಲೋ ಬಗ್ಗೆ ನಾನು ಒಪ್ಪಲ್ಲ ಸರ್, ನಾಟಕದಲ್ಲಿ ದಿಢೀರ್ ಬ್ಲ್ಯಾಕ್‌ಔಟ್ ಇದ್ರೆ ಬಾಲ ಎಳ್ಕೊಂಡು ಆರತ್ತೆ, ನಟ ಎದ್ದು ಹೋಗೋದು ಜನಕ್ಕೆ ಕಾಣತ್ತೆ. ಮೀಡಿಯಂ ಇದ್ರೆ ಅದು ಇಡಿ. ಆಮೇಲೆ ಕೆಲವು ಪಾರ್‌ಗಳಲ್ಲಿ ಕರ್ವ್ ಒಂದೊಂದು ಬಣ್ಣಕ್ಕೂ ಬೇರೆಬೇರೆಯಾಗಿ ಬೀಳತ್ತೆ, ಕೆಂಪು 255 ಹಸಿರು 100 ಅಂತ ಮಾಡಿದ್ದ ಅಂಬರ್‌ನಲ್ಲಿ ಹಸಿರು 39% ಇದ್ದಿದ್ದು 15%ಗೆ ಇಳಿದು ಎಲ್ಲಾ ಕೆಂಪಾಗತ್ತೆ. ಹಾಗಾಗಿ ಕರ್ವ್ ಮೊದ್ಲು ಸೆಟ್ ಮಾಡಿ ಆಮೇಲೆ ಕ್ಯೂ (ಬೋರ್ಡಲ್ಲಿ ಉಳಿಸೋ ಒಂದೊಂದು ಲೈಟ್ ಸೆಟ್ಟಿಂಗ್) ಕೂರಿಸಿ. ಮಾಸ್ಟರ್ ಡಿಮ್ಮರ್ ಚಾನೆಲ್ ಇರೋ ಮೋಡ್ ಹಾಕ್ಕೊಂಡು ಫೇಡ್ ಅದ್ರಲ್ಲೇ ಮಾಡಿ. 16 ಬಿಟ್ ಮೋಡ್ ಇದ್ರೆ ಇನ್ನೂ ಒಳ್ಳೇದು, ಮೆಟ್ಲು ತುಂಬಾ ಸಣ್ಣದಾಗತ್ತೆ, ಚಾನೆಲ್ ಒಂದು ಜಾಸ್ತಿ ಹೋಗತ್ತೆ ಅಷ್ಟೇ.

ಸೈಡ್‌ವಿಂಗ್: ಸ್ಕ್ವೇರ್ ಲಾ ಹಾಕಿದ್ ತಕ್ಷಣ ಅರ್ಧ ತೊಂದ್ರೆ ಹೋಯ್ತು ಗುರೂ. ಆದ್ರೆ ಹ್ಯಾಲೊಜೆನ್ ಥರ ಕೆಂಪಾಗ್ತಿಲ್ಲ, ಮೊಬೈಲ್‌ನಲ್ಲಿ ಪಟ್ಟೆಪಟ್ಟೆ ಬರ್ತಿದೆ.

ಬೋರ್ಡ್‌ಆಪರೇಟರ್: ಕೆಂಪು ತಾನಾಗೇ ಬರಲ್ಲ, ಫೇಡ್ ಜೊತೆಗೇ ನೀಲಿ ಹಸಿರು ಬೇಗ ಇಳಿಸೋ ಕ್ಯೂ ನೀವೇ ಕೂರಿಸ್ಬೇಕು. ಪಟ್ಟೆ ಬಂದ್ರೆ ಅದು ಪಿಡಬ್ಲ್ಯೂಎಮ್ (ಎಲ್‌ಇಡಿ ಬೇಗಬೇಗ ಆನ್ ಆಫ್ ಆಗಿ ಬೆಳಕು ಕಮ್ಮಿ ಮಾಡೋ ರೀತಿ), ಮೆನುನಲ್ಲಿ ಫ್ರೀಕ್ವೆನ್ಸಿ ಅಂತ ಇದ್ರೆ ಏರಿಸಿ. ಏರಿಸಿದ್ಮೇಲೆ ಕಮ್ಮಿ ಬೆಳಕಲ್ಲಿ ಮತ್ತೆ ಮೆಟ್ಲು ಕಾಣ್ಸತ್ತಾ ನೋಡ್ಕೊಳಿ, ಕೆಲವು ಲೈಟಲ್ಲಿ ಹಂಗಾಗತ್ತೆ. ಕ್ಯಾಮೆರಾದವ್ರಿಗೆ ಶಟರ್ 1/50ರಲ್ಲಿ ಇಡೋಕ್ ಹೇಳಿ.