ಯುಮೌಂಟ್: ‘ಟಾರ್ಗೆಟ್ ಈಸ್ ಬ್ಯುಸಿ’, ಆದರೆ ಎಲ್‌ಎಸ್‌ಓಎಫ್‌ನಲ್ಲಿ ಏನೂ ಇಲ್ಲ

ಪ್ರಶ್ನೆ
ಲಿನಕ್ಸ್, 2 ಟಿಬಿ ಯುಎಸ್‌ಬಿ ಡಿಸ್ಕ್, ಇಎಕ್ಸ್‌ಟಿ4 ಫೈಲ್‌ಸಿಸ್ಟಮ್ (ಡಿಸ್ಕ್‌ನಲ್ಲಿ ಫೈಲ್‌ಗಳನ್ನು ಜೋಡಿಸಿಡುವ ವ್ಯವಸ್ಥೆ). /ಎಂಎನ್‌ಟಿ/ಬ್ಯಾಕಪ್‌ನಲ್ಲಿ ಮೌಂಟ್ ಆಗಿತ್ತು, ಅಂದರೆ ಆ ಡೈರೆಕ್ಟರಿಗೆ ಜೋಡಿಸಿತ್ತು. ಅದನ್ನು ಬಿಡಿಸಲು ಯುಮೌಂಟ್ ಕೊಟ್ಟರೆ ‘ಟಾರ್ಗೆಟ್ ಈಸ್ ಬ್ಯುಸಿ’ (ಇನ್ನೂ ಬಳಕೆಯಲ್ಲಿದೆ). ಸುಡೊ (ಆಡಳಿತಾಧಿಕಾರ) ಹಾಕಿ, ತೆರೆದ ಫೈಲ್‌ಗಳನ್ನು ತೋರಿಸುವ ಎಲ್‌ಎಸ್‌ಓಎಫ್ ಓಡಿಸಿದರೂ ಒಂದು ಸಾಲೂ ಇಲ್ಲ. ಕೊನೆಗೆ ಯುಮೌಂಟ್ -ಎಲ್ ಕೊಟ್ಟೆ, ತಕರಾರಿಲ್ಲದೆ ಹೋಯಿತು. ಈಗ ಕೇಬಲ್ ಕೀಳಬಹುದೇ?

ಉತ್ತರ 1
ಕೀಳಬೇಡಿ. -ಎಲ್ ಅಂದರೆ ಲೇಜಿ: ಡೈರೆಕ್ಟರಿ ಮರದಿಂದ ಮೌಂಟ್ ಮಾಯವಾಗುತ್ತದೆ, ಅಷ್ಟೆ. ಹಿಡಿದುಕೊಂಡವರು ಬಿಡುವ ತನಕ ಫೈಲ್‌ಸಿಸ್ಟಮ್ ಕರ್ನಲ್‌ನೊಳಗೆ (ಲಿನಕ್ಸ್‌ನ ತಿರುಳಿನಲ್ಲಿ) ಜೀವಂತವಾಗಿಯೇ ಇರುತ್ತದೆ. /ಸಿಸ್/ಎಫ್‌ಎಸ್/ಇಎಕ್ಸ್‌ಟಿ4 ಒಳಗೆ ನೋಡಿ. ಎಸ್‌ಡಿಬಿ1 (ನಿಮ್ಮ ಡಿಸ್ಕ್ ಎಸ್‌ಡಿಬಿ ಆದರೆ ಅದರ ಮೊದಲ ವಿಭಾಗ) ಇನ್ನೂ ಕಂಡರೆ ಡಿಸ್ಕ್ ಬಿಟ್ಟಿಲ್ಲ.

ಮುಂದಿನ ಸಲ -ಎಲ್‌ಗೆ ಮೊದಲು, ಡಿಸ್ಕ್ ಯಾರು ಬಳಸುತ್ತಿದ್ದಾರೆಂದು ತೋರಿಸುವ ಫ್ಯೂಸರ್ -ವಿಎಂ ಓಡಿಸಿ. ಸಿ ಅಕ್ಷರ ಬಂದರೆ ಯಾವುದೋ ಟರ್ಮಿನಲ್ ಆ ಡೈರೆಕ್ಟರಿಯಲ್ಲೇ ಕೂತಿದೆ, ಸಿಡಿ (ಡೈರೆಕ್ಟರಿ ಬದಲಿಸುವ ಆದೇಶ) ಹೊಡೆದು ಹೊರಬಂದರೆ ಸಾಕು. ದೊಡ್ಡಕ್ಷರದ ಎಫ್ ಅಂದರೆ ಬರೆಯಲು ತೆರೆದ ಫೈಲ್. ‘ಕರ್ನಲ್ ಮೌಂಟ್’ ಎಂಬ ಸಾಲು ಆ ಮೌಂಟೇ, ಅದನ್ನು ಬಿಟ್ಟುಬಿಡಿ.

ಉತ್ತರ 2
ಒಂದು ಎಚ್ಚರಿಕೆ: ಬಳಸುವವರನ್ನು ಕೊಲ್ಲುವ ಫ್ಯೂಸರ್ -ಕೆಎಂ ಈಗ ಕೊಡಲೇಬೇಡಿ. -ಎಲ್ ಆದಮೇಲೆ /ಎಂಎನ್‌ಟಿ/ಬ್ಯಾಕಪ್ ಎಂಬುದು ರೂಟ್ ಫೈಲ್‌ಸಿಸ್ಟಮ್‌ನ (ಲಿನಕ್ಸ್ ತಾನೇ ಇರುವ ಮುಖ್ಯ ಫೈಲ್‌ಸಿಸ್ಟಮ್) ಖಾಲಿ ಡೈರೆಕ್ಟರಿ. ರೂಟ್ ಬಳಸುವ ಪ್ರೊಸೆಸ್‌ಗಳಿಗೆಲ್ಲ (ಓಡುತ್ತಿರುವ ಪ್ರೋಗ್ರಾಂಗಳಿಗೆಲ್ಲ) ಸಿಗ್‌ಕಿಲ್, ಅಂದರೆ ಬಲವಂತದ ನಿಲುಗಡೆ, ಬೀಳುತ್ತದೆ, ಅಂದರೆ ಹೆಚ್ಚುಕಡಿಮೆ ಇಡೀ ಯಂತ್ರಕ್ಕೆ. ಜೊತೆಗೆ ದೊಡ್ಡಕ್ಷರದ -ಎಂ ಹಾಕಿದರೆ, ಮೌಂಟ್ ಪಾಯಿಂಟ್ ಅಲ್ಲದ ಕಡೆ ಅದು ಕೈ ಹಾಕುವುದಿಲ್ಲ.

ಎಲ್‌ಎಸ್‌ಓಎಫ್ ಹುಡುಕುವುದು ಪ್ರೊಸೆಸ್ ತೆರೆದ ಫೈಲ್‌ಗಳನ್ನು. ಕರ್ನಲ್ ತಾನೇ ಹಿಡಿದಿದ್ದರೆ ಅಲ್ಲಿ ಕಾಣದು. ಸ್ವಾಪ್ ಫೈಲ್ (ಮೆಮೊರಿಯ ಹೆಚ್ಚುವರಿ ಜಾಗ) ಇದೆಯೇ ಎಂದು ಸ್ವಾಪಾನ್ --ಶೋ, ಲೂಪ್ ಡಿವೈಸ್‌ಗೆ (ಫೈಲನ್ನೇ ಡಿಸ್ಕ್‌ನಂತೆ ತೋರಿಸುವುದು) ಲೋಸೆಟಪ್ -ಎ, ಎನ್‌ಎಫ್‌ಎಸ್‌ನಲ್ಲಿ (ನೆಟ್‌ವರ್ಕ್ ಮೂಲಕ) ಹಂಚಿದ್ದರೆ ಎಕ್ಸ್‌ಪೋರ್ಟ್‌ಎಫ್‌ಎಸ್ -ವಿ. ಮೂರನ್ನೂ ನೋಡಿ.

ಪ್ರಶ್ನೆ ಕೇಳಿದವರು
ಎಸ್‌ಡಿಬಿ1 ಇನ್ನೂ ಇದೆ. ಲೋಸೆಟಪ್‌ನಲ್ಲಿ ಲೂಪ್0, ಬ್ಯಾಕಪ್ ಡಿಸ್ಕ್‌ನ ಒಂದು ಐಎಸ್‌ಒ (ಡಿಸ್ಕ್ ಪ್ರತಿರೂಪ) ಫೈಲ್. ಅದು /ಎಂಎನ್‌ಟಿ/ಐಎಸ್‌ಒದಲ್ಲಿ ಮೌಂಟ್ ಆಗಿದೆ.

ಉತ್ತರ 2
ಸಿಕ್ಕಿತಲ್ಲ. ಮೊದಲು /ಎಂಎನ್‌ಟಿ/ಐಎಸ್‌ಒವನ್ನು ಯುಮೌಂಟ್ ಮಾಡಿ. ಮೌಂಟ್ -ಓ ಲೂಪ್‌ನಿಂದ ಹಾಕಿದ್ದರೆ ಲೂಪ್0 ತಾನಾಗಿಯೇ ಬಿಡುತ್ತದೆ, ಲೋಸೆಟಪ್‌ನಿಂದ ಕೈಯಾರೆ ಕಟ್ಟಿದ್ದರೆ ಲೋಸೆಟಪ್ -ಡಿ ಬೇಕು. ಕ್ಯಾಶೆಯಲ್ಲಿ (ಮೆಮೊರಿಯ ತಾತ್ಕಾಲಿಕ ಜಾಗ) ಬರೆಯದೆ ಉಳಿದದ್ದು ಈಗ ಡಿಸ್ಕ್‌ಗೆ ಹೋಗುತ್ತದೆ. ದೊಡ್ಡ ಕಾಪಿಯ ಬೆನ್ನಿಗೇ ಆದರೆ ನಿಮಿಷಗಳೇ ಹಿಡಿಯಬಹುದು, /ಪ್ರಾಕ್/ಮೆಮ್‌ಇನ್ಫೋದ ‘ಡರ್ಟಿ’ ಸಾಲು ಇಳಿಯುವುದು ಕಾಣುತ್ತದೆ. ಎಸ್‌ಡಿಬಿ1 ಮಾಯವಾದ ಮೇಲೆ, ಡಿಸ್ಕ್ ಆರಿಸಲು ಯುಡಿಸ್ಕ್ಸ್‌ಸಿಟಿಎಲ್ ಪವರ್-ಆಫ್ -ಬಿ /ಡೆವ್/ಎಸ್‌ಡಿಬಿ ಕೊಡಿ. ಡಿಸ್ಕ್ ತಿರುಗುವುದು ನಿಂತಮೇಲೆ ಕೇಬಲ್ ತೆಗೆಯಿರಿ.