ನರ ಅಂದರೆ ಯಾವುದು? ರಕ್ತದ್ದೋ, ಜೋಮಿನದ್ದೋ?

"ನರಕ್ಕೆ ಸೂಜಿ ಹಾಕುವಾಗ ಅಪರೂಪಕ್ಕೆ ನರಕ್ಕೆ ಪೆಟ್ಟಾಗಬಹುದು."

ರೋಗಿಗಳಿಗೆ ಕೊಡುವ ಒಂದು ತಿಳಿವಳಿಕೆ ಹಾಳೆಯನ್ನು ತಿದ್ದುತ್ತಿದ್ದೇನೆ. ಅದರ ಕರಡಿನಲ್ಲಿ ಈ ವಾಕ್ಯ ಸಿಕ್ಕಿತು. ವ್ಯಾಕರಣದಲ್ಲಿ ತಪ್ಪಿಲ್ಲ, ಕಿವಿಗೂ ಸಹಜವಾಗಿದೆ. ಆದರೆ ಮೊದಲ ನರವೇ ಬೇರೆ, ಎರಡನೇ ನರವೇ ಬೇರೆ. ಮೊದಲನೆಯದು ರಕ್ತ ಹರಿಯುವ ಕೊಳವೆ. ಎರಡನೆಯದು ಬೆರಳಿನ ಸ್ಪರ್ಶವನ್ನು ಮಿದುಳಿಗೆ ಮುಟ್ಟಿಸುವ ಹುರಿ. ಓದಿದವರಿಗೆ ಇದು ಹೇಗೆ ಗೊತ್ತಾಗಬೇಕು? ನನ್ನ ಪ್ರಶ್ನೆ ಇಷ್ಟೇ: ಕೈಯ ಒಳಗಿರುವ ಈ ಬೇರೆ ಬೇರೆ ವಸ್ತುಗಳಿಗೆ, ಓದಿದ ತಕ್ಷಣ ಅರ್ಥವಾಗುವ ಬೇರೆ ಬೇರೆ ಕನ್ನಡ ಪದ ಯಾವುದು ಬಳಸಬೇಕು?

ಆಡುಮಾತನ್ನೇ ಮೊದಲು ನೋಡೋಣ. ರಕ್ತ ತೆಗೆಯುವವರು "ನರ ಸಿಗ್ತಾ ಇಲ್ಲ, ಮುಷ್ಟಿ ಬಿಗಿ ಮಾಡಿ" ಅಂತಾರೆ. ಅದು ರಕ್ತನಾಳ. "ನರ ವೀಕ್ ಆಗಿದೆ, ಕೈ ಜೋಮು ಹಿಡಿಯುತ್ತೆ" ಅಂದಾಗ ಅದು ನಿಜವಾದ ನರ. "ನರದ ಮೇಲೆ ನರ ಹತ್ತಿಕೊಂಡಿದೆ" ಅನ್ನುವ ಮಾತಂತೂ ಎರಡೂ ಅಲ್ಲ. ಹೆಚ್ಚಿನ ಸಲ ಅದು ಸ್ನಾಯು ಹಿಡಿದುಕೊಂಡ ನೋವು. ನರಪೇತಲ ಅನ್ನುವಾಗ ಕಣ್ಣ ಮುಂದೆ ಬರುವುದು ಚರ್ಮದ ಮೇಲೆ ಎದ್ದು ಕಾಣುವ ಗೆರೆಗಳು. ಅದರಲ್ಲಿ ರಕ್ತನಾಳವೂ ಇದೆ, ಸ್ನಾಯುವಿನ ತುದಿಯೂ ಇದೆ, ನರ ಮಾತ್ರ ಇಲ್ಲ.

ಇದನ್ನು ಜನರ ಅಜ್ಞಾನ ಅಂತ ತಳ್ಳಿಹಾಕುವವರ ಜೊತೆ ನಾನಿಲ್ಲ. ನರ ಅನ್ನುವುದು ನಮ್ಮದೇ ಹಳೆಯ ಪದ. ಮನುಷ್ಯ ಅನ್ನುವ ಅರ್ಥದ ಸಂಸ್ಕೃತದ ನರಕ್ಕೂ ಇದಕ್ಕೂ ಸಂಬಂಧ ಇಲ್ಲ. ತಮಿಳಿನಲ್ಲಿ ನರಂಬು, ಮಲಯಾಳದಲ್ಲಿ ಞರಂಬು, ತೆಲುಗಿನಲ್ಲಿ ನರಮು. ತಮಿಳಿನ ನರಂಬು ಯಾಳ್ ವಾದ್ಯದ ತಂತಿಯೂ ಹೌದು. ಅಂದರೆ ಮೈಯೊಳಗೆ ಉದ್ದಕ್ಕೆ, ಎಳೆದು ಕಟ್ಟಿದ ಹಾಗೆ ಇರುವುದೆಲ್ಲ ನರವೇ. ಗ್ರೀಕರದ್ದೂ ಇದೇ ಕಥೆ. ಅವರ ನ್ಯೂರಾನ್ ಮೊದಲು ಸ್ನಾಯುವಿನ ಹುರಿ, ಬಿಲ್ಲಿನ ಹೆದೆ. ಕ್ರಿ.ಪೂ. 3ನೇ ಶತಮಾನದಲ್ಲಿ ಅಲೆಕ್ಸಾಂಡ್ರಿಯಾದ ಹೆರೋಫಿಲಸ್ ಹೆಣಗಳನ್ನು ಕೊಯ್ದು ನೋಡಿ ನರಗಳನ್ನು ಬೇರೆಯಾಗಿ ಗುರುತಿಸಿದ ಮೇಲೆಯೇ ಆ ಪದ ಮೆಲ್ಲಗೆ ಒಂದೇ ಅರ್ಥಕ್ಕೆ ಇಳಿಯಿತು. ನಮ್ಮಲ್ಲಿ ಪುಸ್ತಕದ ಕನ್ನಡ ಇಳಿಸಿತು, ಬಾಯಿಮಾತು ಇಳಿಸಲಿಲ್ಲ.

ಹಾಗಾದರೆ ಕಣ್ಣಿಗೆ ಕಾಣುವ ಆ ನೀಲಿ ಗೆರೆ ಯಾವುದು? ನಂಬಿಕೆ ಬರಬೇಕಾದರೆ ಕೈಯಲ್ಲೇ ನೋಡಿಬಿಡಬಹುದು. ಕೈಯನ್ನು ಸ್ವಲ್ಪ ಹೊತ್ತು ಕೆಳಗೆ ಇಳಿಬಿಡಿ. ಅಂಗೈಯ ಹಿಂಬದಿಯಲ್ಲಿ ಗೆರೆಗಳು ಉಬ್ಬುತ್ತವೆ. ಕವಲಿಲ್ಲದ ಒಂದು ನೇರ ಗೆರೆಯ ಮೇಲೆ, ಬೆರಳುಗಳ ಕಡೆಯ ತುದಿಯಲ್ಲಿ ಒಂದು ಬೆರಳು ಒತ್ತಿಟ್ಟು, ಇನ್ನೊಂದು ಬೆರಳಿನಿಂದ ಅದನ್ನೇ ಮಣಿಕಟ್ಟಿನ ಕಡೆಗೆ ಸವರಿ ಎತ್ತಿ. ಗೆರೆ ಮಾಯ. ಮೊದಲ ಬೆರಳು ತೆಗೆಯುವ ತನಕ ಅದು ತುಂಬುವುದಿಲ್ಲ, ತೆಗೆದ ಕೂಡಲೇ ಬೆರಳಿನ ಕಡೆಯಿಂದ ಸರ್ರನೆ ತುಂಬುತ್ತದೆ. ಒಳಗಿನ ಪುಟ್ಟ ಕವಾಟಗಳು ರಕ್ತ ಹಿಂದಕ್ಕೆ ಬಾರದಂತೆ ತಡೆಯುತ್ತವೆ. ರಕ್ತ ಮೈಯಲ್ಲಿ ಸುತ್ತುತ್ತದೆ ಅಂತ ತೋರಿಸಲು ವಿಲಿಯಂ ಹಾರ್ವೆ 1628ರಲ್ಲಿ ಕೊಟ್ಟ ಸಾಕ್ಷಿಗಳಲ್ಲಿ ಇದೂ ಒಂದು, ಅವನು ಚಿತ್ರದಲ್ಲಿ ತೋರಿಸಿದ್ದೂ ಕೈಯನ್ನೇ. ಆ ರಕ್ತ ನೀಲಿ ಅಲ್ಲ, ಕಡುಗೆಂಪು. ಚರ್ಮದ ಮೂಲಕ ನೋಡುವಾಗ ನೀಲಿ ಅನ್ನಿಸುತ್ತದೆ ಅಷ್ಟೇ.

ನಿಜವಾದ ನರ ಬಿಳಿಚು ಬಣ್ಣದ್ದು, ಟೊಳ್ಳಲ್ಲ, ಹೀಗೆ ಉಬ್ಬುವುದೂ ಇಲ್ಲ. ಅದನ್ನು ಮುಟ್ಟಿ ನೋಡಲು ಸುಲಭದ ಜಾಗ ಮೊಣಕೈಯ ಒಳಬದಿಯ ಮೂಳೆಗುಬ್ಬಿಯ ಹಿಂದಿನ ಸಂದು. ಅಲ್ಲಿ ಬೆರಳಿಟ್ಟು ಆಚೀಚೆ ಉರುಳಿಸಿದರೆ ಹುರಿಯಂಥದ್ದು ಸಿಗುತ್ತದೆ, ಕಿರುಬೆರಳು ಜುಮ್ ಅನ್ನುತ್ತದೆ. ಅದು ಅಲ್ನಾರ್ ನರ. ಮೊಣಕೈ ಬಾಗಿಲಿಗೆ ತಾಗಿದಾಗ ಕರೆಂಟ್ ಹೊಡೆದ ಹಾಗೆ ಆಗುವುದು ಇದರಿಂದಲೇ, ಮೂಳೆಯಿಂದಲ್ಲ.

ಈಗ ಪುಸ್ತಕದ ಪದಗಳಿಗೆ ಬರೋಣ. ಶಾಲೆಯಲ್ಲಿ ಕಲಿತದ್ದು ಅಪಧಮನಿ, ಅಭಿಧಮನಿ. ಅಪ ಅಂದರೆ ದೂರಕ್ಕೆ, ಅಭಿ ಅಂದರೆ ಕಡೆಗೆ. ಹೃದಯದಿಂದ ಹೊರಡುವುದು ಅಪಧಮನಿ, ಹೃದಯಕ್ಕೆ ಬರುವುದು ಅಭಿಧಮನಿ. ಜೋಡಿಯೇನೋ ಜಾಣತನದ್ದೇ. ಆದರೆ ಕೇಳುವಾಗ ಎರಡೂ ಒಂದೇ ಥರ ಇವೆ, ಪರೀಕ್ಷೆ ಮುಗಿದ ಮರುದಿನ ಯಾವುದು ಯಾವುದು ಅಂತ ಮರೆತುಹೋಗುತ್ತದೆ. ಇದರ ಬದಲು ಶುದ್ಧ ರಕ್ತನಾಳ, ಮಲಿನ ರಕ್ತನಾಳ ಅನ್ನುವವರೂ ಇದ್ದಾರೆ. ಕೈಯ ಮಟ್ಟಿಗೆ ಇದು ನಡೆಯುತ್ತದೆ. ಹೃದಯದಿಂದ ಶ್ವಾಸಕೋಶಕ್ಕೆ ಹೋಗುವ ಅಪಧಮನಿಯಲ್ಲಿ ಆಮ್ಲಜನಕ ಕಡಿಮೆ ಇರುವ ರಕ್ತವೇ ಇರುವುದರಿಂದ ಅಲ್ಲಿ ಕೆಟ್ಟುಹೋಗುತ್ತದೆ. ಅದಕ್ಕಿಂತ ಹೆಚ್ಚಾಗಿ, ಮಲಿನ ಅಂತ ಓದಿದವರು ತಮ್ಮ ರಕ್ತವೇ ಕೆಟ್ಟಿದೆ ಅಂದುಕೊಳ್ಳುತ್ತಾರೆ. ನನಗೆ ಈ ಜೋಡಿ ಸುತರಾಂ ಬೇಡ.

ಸ್ನಾಯು ಇನ್ನೊಂದು ತಲೆನೋವು. ನಮಗೂ ಮರಾಠಿಯವರಿಗೂ ಅದು ಮಾಂಸದ ಗಟ್ಟಿ. ಬಂಗಾಳಿಯವರಿಗೆ ಅದೇ ಪದ ನರ. ಅಲ್ಲಿಂದ ಅನುವಾದವಾಗಿ ಬಂದ ಬರಹದಲ್ಲಿ ಸ್ನಾಯು ದೌರ್ಬಲ್ಯ ಅಂತ ಕಂಡರೆ ನಿಂತು ಯೋಚಿಸಬೇಕು.

ಗೊಂದಲ ನಿಜವಾಗಿ ಅಪಾಯ ಆಗುವ ಜಾಗ ಒಂದಿದೆ. ಕೈಯಲ್ಲಿ ಬಹಳಷ್ಟು ನರಗಳೂ ರಕ್ತನಾಳಗಳೂ ಜೊತೆಜೊತೆಗೇ ಸಾಗುತ್ತವೆ, ಕೆಲವಕ್ಕೆ ಹೆಸರೂ ಒಂದೇ. ತೋಳಿನ ದೊಡ್ಡ ಅಪಧಮನಿ ಮೊಣಕೈ ಹತ್ತಿರ ಎರಡಾಗುತ್ತದೆ. ಹೆಬ್ಬೆರಳ ಕಡೆಯದು ರೇಡಿಯಲ್, ಕಿರುಬೆರಳ ಕಡೆಯದು ಅಲ್ನಾರ್. ನರಗಳಲ್ಲೂ ರೇಡಿಯಲ್, ಅಲ್ನಾರ್ ಇವೆ. ಹೀಗಿರುವಾಗ "ರೇಡಿಯಲ್ ನರ" ಅಂತ ಬರೆದರೆ ಏನು ತಿಳಿಯಬೇಕು? ನಾಡಿ ನೋಡುವಾಗ ಬೆರಳಿಗೆ ಸಿಗುವುದು, ಆಂಜಿಯೋಗ್ರಾಂಗೆ ತೂತು ಮಾಡುವುದು ರೇಡಿಯಲ್ ಅಪಧಮನಿ. ತೋಳಿನ ಮೂಳೆ ಮುರಿದಾಗ ಪೆಟ್ಟುತಿಂದು, ಮಣಿಕಟ್ಟನ್ನು ಮೇಲೆತ್ತಲಾಗದೆ ಕೈ ಜೋತುಬೀಳುವಂತೆ ಮಾಡುವುದು ರೇಡಿಯಲ್ ನರ. "ಆಂಜಿಯೋಗ್ರಾಂನಲ್ಲಿ ಕೈ ನರಕ್ಕೆ ತೂತು ಮಾಡ್ತಾರಂತೆ, ಕೈ ಬಿದ್ದುಹೋದರೆ?" ಅಂತ ಹೆದರುವವರ ಹೆದರಿಕೆ ಅರ್ಧ ಈ ಪದದಿಂದಲೇ ಬಂದದ್ದು. ಡಯಾಲಿಸಿಸ್‌ನವರ ಕೈಯಲ್ಲಿ ರಕ್ತನಾಳಗಳನ್ನು ಜೋಡಿಸಿ ಮಾಡುವ ಫಿಸ್ಟುಲಾ ಕೂಡ ಹಾಗೆಯೇ. "ಎರಡು ನರ ಸೇರಿಸಿ ಹೊಲಿದಿದ್ದಾರೆ" ಅಂತಾರೆ. ಹೊಲಿದದ್ದು ಒಂದು ಅಪಧಮನಿಗೆ ಒಂದು ಅಭಿಧಮನಿಯನ್ನು.

ತಿರುಗುಮುರುಗಾಗಿಯೂ ಆಗುತ್ತದೆ. ಮಣಿಕಟ್ಟಿನ ಇಕ್ಕಟ್ಟಾದ ದಾರಿಯಲ್ಲಿ ಮೀಡಿಯನ್ ನರದ ಜೊತೆ ಬೆರಳು ಮಡಚುವ 9 ಸ್ನಾಯುಹುರಿಗಳು (ಸ್ನಾಯುವನ್ನು ಮೂಳೆಗೆ ಕಟ್ಟುವ ಹುರಿಗಳು) ನುಸುಳುತ್ತವೆ. ಅಲ್ಲಿ ಒತ್ತಡ ಹೆಚ್ಚಾದರೆ ರಾತ್ರಿ ಕೈ ಜೋಮು ಹಿಡಿದು ಎಚ್ಚರವಾಗುತ್ತದೆ. ಡಾಕ್ಟರು "ನರ ಒತ್ತಿದೆ" ಅಂದರೆ ಕೇಳಿದವರು "ರಕ್ತ ಓಡ್ತಾ ಇಲ್ಲ" ಅಂತ ಅರ್ಥ ಮಾಡಿಕೊಂಡು ಸುಮ್ನೆ ತಿಕ್ಕಿಸಿಕೊಳ್ಳುತ್ತಾರೆ. ಇದನ್ನು ಬಿಡಿಸಿ ಹೇಳಲು ಉಂಗುರ ಬೆರಳು ಒಳ್ಳೆಯದು. ಸಾಮಾನ್ಯವಾಗಿ ಅದರ ನಡುಬೆರಳ ಕಡೆಯ ಅರ್ಧ ಮೀಡಿಯನ್ ನರದ್ದು, ಕಿರುಬೆರಳ ಕಡೆಯ ಅರ್ಧ ಅಲ್ನಾರ್ ನರದ್ದು. ಜೋಮು ಒಂದೇ ಬೆರಳನ್ನು ಉದ್ದಕ್ಕೆ ಸೀಳಿದ ಹಾಗೆ ಅರ್ಧಕ್ಕೆ ನಿಂತರೆ ಅದು ನರದ ತೊಂದರೆ ಅನ್ನುವ ಅನುಮಾನ ಗಟ್ಟಿಯಾಗುತ್ತದೆ. ರಕ್ತ ಕಡಿಮೆಯಾದರೆ ಹಾಗೆ ಗೆರೆ ಎಳೆದಂತೆ ಆಗುವುದಿಲ್ಲ.

ಮೊಣಕೈ ಮಡಚುವ ಮುಂಬದಿಯಲ್ಲಂತೂ ಎಲ್ಲವೂ ಒಂದರ ಪಕ್ಕ ಒಂದು. ಸೂಜಿ ಹಾಕುವ ಅಭಿಧಮನಿ ಮೇಲೆ, ಅಪಧಮನಿ ಮತ್ತು ಮೀಡಿಯನ್ ನರ ಕೆಳಗೆ, ನಡುವೆ ರಟ್ಟೆಯ ಸ್ನಾಯುವಿನಿಂದ ಚಾಚಿದ ಒಂದು ಗಟ್ಟಿ ಪೊರೆ. ಚರ್ಮದ ಸಣ್ಣ ನರಗಳು ಅಭಿಧಮನಿಯ ಪಕ್ಕದಲ್ಲೇ ಸಾಗುತ್ತವೆ. ಹಾಗಾಗಿ ಆ ಹಾಳೆಯ ಎಚ್ಚರಿಕೆ ಮುಖ್ಯವಾದದ್ದೇ. ಸೂಜಿ ಹೋದಾಗ ಬೆರಳಿನ ತನಕ ಶಾಕ್ ಹೊಡೆದಂತಾದರೆ ತಡೆದುಕೊಂಡು ಕೂರಬಾರದು, ಕೂಡಲೇ ಹೇಳಬೇಕು, ಸೂಜಿ ತೆಗೆಯಬೇಕು.

ಸದ್ಯಕ್ಕೆ ನಾನು ತಿದ್ದಿರುವುದು ಹೀಗೆ: "ರಕ್ತನಾಳಕ್ಕೆ ಸೂಜಿ ಹಾಕುವಾಗ ಪಕ್ಕದ ನರಕ್ಕೆ ಅಪರೂಪಕ್ಕೆ ಪೆಟ್ಟಾಗಬಹುದು." ನರಮಂಡಲ, ನರಕೋಶ ಎಲ್ಲ ಬಳಕೆಗೆ ಬಂದಿರುವಾಗ ನರವನ್ನು ಅದಕ್ಕೇ ಬಿಟ್ಟುಕೊಡುವುದು ವಾಸಿ ಅನ್ನಿಸಿತು. ರಕ್ತನಾಳದಲ್ಲೇ ಎರಡು ಬಗೆ ಹೇಳಬೇಕಾದಲ್ಲಿ "ನಾಡಿ ಬಡಿಯುವ ರಕ್ತನಾಳ", "ಚರ್ಮದಡಿ ಕಾಣುವ ನೀಲಿ ರಕ್ತನಾಳ" ಅಂತ ಒಮ್ಮೆ ಹೇಳಿ ಮುಂದೆ ಪುಸ್ತಕದ ಪದ ಇಟ್ಟಿದ್ದೇನೆ. ಸ್ವಲ್ಪ ಉದ್ದವಾಯಿತು, ಆದರೆ ತಪ್ಪು ತಿಳಿಯುವ ಹಾಗಿಲ್ಲ ಅಲ್ವಾ?

ಸಿಕ್ಕಿಕೊಂಡಿರುವುದು ಮೂರನೆಯದರಲ್ಲಿ. ಹೆಬ್ಬೆರಳು ಕಿರುಬೆರಳು ಕೂಡಿಸಿ ಮಣಿಕಟ್ಟು ಬಗ್ಗಿಸಿದರೆ ನಡುವೆ ಎದ್ದು ನಿಲ್ಲುವ ಹುರಿ ಇದೆಯಲ್ಲ (ಕೆಲವರಿಗೆ ಅದು ಹುಟ್ಟಿನಿಂದಲೇ ಇರುವುದಿಲ್ಲ, ಅದರಿಂದ ತೊಂದರೆಯೂ ಇಲ್ಲ), ಅದನ್ನೂ ಜನ ನರ ಅಂತಲೇ ಕರೆಯುತ್ತಾರೆ. ಸ್ನಾಯುರಜ್ಜು ಅಂತ ಬರೆದರೆ ಅರ್ಥ ಆಗುವುದು ಬರೆದವರಿಗೆ ಮಾತ್ರ. ಮೇಲೆ ನಾನು ಸ್ನಾಯುಹುರಿ ಅಂತ ಬಳಸಿದ್ದೇನೆ. ಇದಕ್ಕಿಂತ ಒಳ್ಳೆಯದು, ನಿಮ್ಮ ಕಡೆ ಬಾಯಲ್ಲಿ ಈಗಲೂ ಇರುವ ಪದ ಇದ್ದರೆ ತಿಳಿಸಿ. ಮೂಳೆ ಹಿಡಿಸುವವರು, ಪೈಲ್ವಾನರು, ಕಸಾಯಿ ಕೆಲಸದವರು ಇದಕ್ಕೆ ಏನೋ ಒಂದು ಹೆಸರು ಇಟ್ಟೇ ಇರುತ್ತಾರೆ.